ಅಕ್ಕನ ಅರ್ಕಾವತ್ತು

ಲಗ್ನಪತ್ರಿಕೆ ಕೈಗೆ ಬಂದರೆ ಜನ ಮೊದಲು ವರ ಯಾರು, ವಧು ಯಾರು, ಊಟ ಎಷ್ಟು ಗಂಟೆಗೆ ಅಂತ ನೋಡುತ್ತಾರೆ. ನಾನು ಮೊದಲು ಓದುವುದು ತೀರ ಕೆಳಗಿನ ಸಣ್ಣ ಅಕ್ಷರಗಳನ್ನು. ‘ಸುಖಾಗಮನ ಬಯಸುವವರು’ ಎಂದು ಒಂದು ಗೆರೆ, ಅದರ ಕೆಳಗೆ ದೊಡ್ಡಪ್ಪ, ಕಾಕಾ, ಸೋದರಮಾವ, ಸೋದರತ್ತೆ, ಅಳಿಯಂದಿರು, ಮೊಮ್ಮಕ್ಕಳು, ಜಾಗ ಉಳಿದರೆ ‘ಹಾಗೂ ಸಮಸ್ತ ಬಂಧು ಬಳಗ’. ನಮ್ಮ ಮುಂಬಯಿಯ ಪತ್ರಿಕೆಗಳಲ್ಲಿ ಮರಾಠಿಯವರ ಸಹವಾಸದಿಂದ ಇನ್ನೊಂದು ಸಾಲೂ ಸೇರಿಕೊಂಡಿದೆ: ‘ನಮ್ಮ ಮಾಮಾನ ಲಗ್ನಕ್ಕ ತಪ್ಪದ ಬರ್ರೀ ಹಾಂ!’ ಎಂದು ಕರೆಯುವ ಚಿಂಟು, ಪಿಂಕಿ ಮತ್ತು ಸೋನು. ಇನ್ನೂ ಮಾತು ಬಾರದ ಕೂಸೂ ಜನರನ್ನು ಊಟಕ್ಕೆ ಕರೆಯುತ್ತದೆ. ಸಿನಿಮಾ ಮುಗಿದ ಮೇಲೂ ನಾನು ಬೇಗ ಏಳುವವನಲ್ಲ. ದೀಪ ಹಿಡಿದವರು, ಬಟ್ಟೆ ಇಸ್ತ್ರಿ ಮಾಡಿದವರು, ಚಹಾ ಕೊಟ್ಟವರು ಎಲ್ಲರ ಹೆಸರೂ ಮೇಲಕ್ಕೆ ಹೋಗುವ ತನಕ ಕೂತಿರುತ್ತೇನೆ. ಹೆಂಡತಿ ವಿಮಲಾ ಬಾಗಿಲ ಹತ್ತಿರ ನಿಂತು, "ನಿಮ್ಮ ಹೆಸರ ಬರೂದಿಲ್ರೀ, ಏಳ್ರಿ" ಅನ್ನುತ್ತಾಳೆ.

ಈ ಚಟ ಅಪ್ಪನಿಂದ ಬಂದದ್ದು. ಅಪ್ಪ ವಿಜಯಪುರದ ಕಡೆಯಿಂದ ಬಂದು ಪರೇಲಿನ ಒಂದು ಮಿಲ್ಲಿನಲ್ಲಿ ನೇಯ್ಗೆಯ ಕೆಲಸಕ್ಕೆ ಸೇರಿದವರು. ನಾವಿದ್ದದ್ದು ಕುರ್ಲಾದ ಒಂದು ಚಾಳಿನಲ್ಲಿ, ಒಂದೇ ಖೋಲಿಯ ಸಂಸಾರ. ಆ ಚಾಳಿನಲ್ಲಿ ಕನ್ನಡ ಬರೆಯಲು ಬರುತ್ತಿದ್ದವರು ಕಡಿಮೆ, ಮಕ್ಕಳ ಲಗ್ನ ಮಾಡುವವರು ಬಹಳ. ಹೀಗಾಗಿ ರವಿವಾರ ಬಂತೆಂದರೆ ಅಪ್ಪನ ಮುಂದೆ ಯಾರಾದರೊಬ್ಬರು ಕೂತು, ಚಹಾ ಕುಡಿಯುತ್ತ, ಹೆಸರುಗಳನ್ನು ಹೇಳಿ ಬರೆಸುತ್ತಿದ್ದರು. ಬರೆದು ಮುಗಿದ ಮೇಲೂ ಅಪ್ಪ ಪೆನ್ನಿಗೆ ಟೊಪ್ಪಿಗೆ ಹಾಕುತ್ತಿರಲಿಲ್ಲ. "ಇನ್ನ ಯಾರರ ಉಳದಾರೇನು ನೋಡ್ರಿ" ಎಂದು ಎರಡು ಸಲ ಕೇಳುತ್ತಿದ್ದರು. ಒಮ್ಮೆ ಹಾಗೆ ಕೇಳಿಯೂ ಒಬ್ಬರ ಪತ್ರಿಕೆಯಲ್ಲಿ ಸಣ್ಣ ಕಾಕಾನ ಹೆಸರು ಬಿಟ್ಟುಹೋಯಿತು. ಆ ಕಾಕಾ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಉಡುಗೊರೆ ಕೊಟ್ಟರು, ಆಮೇಲೆ ಊಟಕ್ಕೆ ಕೂಡದೆ ಮಂಟಪದ ಎದುರಿನ ಹೋಟೆಲಿಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಕೂತು ಮಸಾಲೆ ದೋಸೆ ತಿಂದರು. ಆ ದೋಸೆಯ ಸುದ್ದಿ ನಮ್ಮ ಚಾಳಿನಲ್ಲಿ ಹಲವು ವರ್ಷ ನಡೆಯಿತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಾನೀಗ ಒಂದು ಜಾಲತಾಣದ ಮಾಲೀಕ. ನಿವೃತ್ತಿಯಾದ ಗಂಡಸರು ಸಾಮಾನ್ಯವಾಗಿ ಎರಡರಲ್ಲೊಂದು ಕೆಲಸ ಹಿಡಿಯುತ್ತಾರೆ. ಬಿಲ್ಡಿಂಗಿನ ಸೊಸೈಟಿಗೆ ಸೆಕ್ರೆಟರಿಯಾಗುತ್ತಾರೆ, ಇಲ್ಲವೆ ಅಡುಗೆಮನೆಯ ಡಬ್ಬಿಗಳನ್ನು ಹೊಸ ಪದ್ಧತಿಯಲ್ಲಿ ಜೋಡಿಸುತ್ತಾರೆ. ಭಾಂಡುಪಿನ ನಮ್ಮ ಬಿಲ್ಡಿಂಗಿಗೆ ಸೆಕ್ರೆಟರಿ ಆಗಲೇ ಇದ್ದರು. ಡಬ್ಬಿಗಳಿಗೆ ವಿಮಲಾ ಕೈ ಹಚ್ಚಗೊಡಲಿಲ್ಲ. ಉಳಿದದ್ದು ಕಂಪ್ಯೂಟರು. ನಾಲ್ಕು ಪ್ರಬಂಧ ಬರೆದು ಇಟ್ಟಿದ್ದೆ, ಅವನ್ನು ಯಾವ ಪತ್ರಿಕೆಯೂ ಬೇಡಿರಲಿಲ್ಲ, ನನ್ನದೇ ಒಂದು ತಾಣ ಮಾಡಿ ಹಾಕಿಬಿಡೋಣ ಅನ್ನಿಸಿತು.

"ತಾಣ ಅಂದ್ರ ಜಾಗಾನೂ ಬೇಕಲ್ಲ" ಅಂದಳು ವಿಮಲಾ. "ಮೇಂಟೇನನ್ಸ್ ಎಷ್ಟಂತ?"

"ಏನೂ ಇಲ್ಲ. ಎಲ್ಲಾ ಪುಕ್ಕಟೆ."

"ಮುಂಬಯ್ಯಾಗ ಪುಕ್ಕಟೆ ಜಾಗಾ? ಯಾವುದರ ಬಿಲ್ಡರ ನಿಮ್ಮನ್ನ ಹಿಡದಾನೇನು ಮತ್ತ?"

ತಾಣ ಕಟ್ಟಲು ನಾನು ಆರಿಸಿದ್ದು ಓಪನ್ ಸೋರ್ಸ್ ತಂತ್ರಾಂಶ, ಯಾರು ಬೇಕಾದರೂ ಪುಕ್ಕಟೆ ಬಳಸಿ ತಿದ್ದಬಹುದಾದದ್ದು. ಅದೇನೆಂದು ಅವಳಿಗೆ ತಿಳಿಸಲು ನಾನು ನಮ್ಮ ಚಾಳಿನ ಏಣಿಯ ಕಥೆ ಹೇಳಬೇಕಾಯಿತು. ಚಾಳಿನ ಜಿನೆಯ, ಅಂದರೆ ಮಾಳಿಗೆಗೆ ಹತ್ತುವ ಮೆಟ್ಟಿಲುಗಳ ಕೆಳಗೆ ಒಂದು ಬಿದಿರಿನ ಏಣಿ ಇರುತ್ತಿತ್ತು. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು, ಗಣಪತಿಗೆ ತೋರಣ ಕಟ್ಟಲು, ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಕಿಟಕಿಯಿಂದ ಒಳಗೆ ಇಳಿಯಲು, ಎಲ್ಲರೂ ಅದನ್ನೇ ಒಯ್ಯುತ್ತಿದ್ದರು. ಒಯ್ದವರ ಕಾಲಿಗೆ ಒಂದು ಮೆಟ್ಟಿಲು ಮುರಿದರೆ ಅವರೇ ಹೊಸದೊಂದು ಕಟ್ಟಿ ತಂದಿಡಬೇಕು. ಹೀಗೆ ಕಟ್ಟಿ ಕಟ್ಟಿ, ಕೊನೆಗೆ ಮೊದಲಿನ ಏಣಿಯ ಒಂದು ಚೂರೂ ಅದರಲ್ಲಿ ಉಳಿದಿರಲಿಲ್ಲ, ಆದರೂ ಏಣಿ ಇತ್ತು. ಈ ತಂತ್ರಾಂಶಗಳೂ ಹಾಗೆಯೇ, ಯಾರೋ ಮಾಡಿಟ್ಟರು, ಯಾರ‍್ಯಾರೋ ಮೆಟ್ಟಿಲು ಕಟ್ಟಿದರು, ನಾನು ಹತ್ತುತ್ತೇನೆ, ಎಂದೆ.

"ಮೂರನೇ ಖೋಲಿ ಕಾಕಾ ಅದs ಏಣಿಯಿಂದ ಬಿದ್ದು ಕಾಲ ಮುರಕೊಂಡಿದ್ರಂತ ನೀವs ಹೇಳಿದ್ರಲ್ಲ?" ಅಂದಳು ವಿಮಲಾ. ಅದೂ ನಿಜ. ಆ ಎಚ್ಚರಿಕೆಯೂ ಈ ತಂತ್ರಾಂಶಗಳ ಜೊತೆಗೆ ಬರುತ್ತದೆ. ‘ಬಳಸಿ, ಆದರೆ ಏನಾದರೂ ಆದರೆ ನಾವು ಹೊಣೆಯಲ್ಲ’ ಎಂದು ದೊಡ್ಡ ಅಕ್ಷರಗಳಲ್ಲೇ ಬರೆದಿರುತ್ತಾರೆ.

ಹತ್ತುವುದು ಅಷ್ಟು ಸುಲಭವಾಗಲಿಲ್ಲ. ಕಂಪ್ಯೂಟರಿನ ತೆರೆಯ ಮೇಲಿನ ಒಂದು ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು ಗುಂಡಿ ಒತ್ತಿದರೆ, ನನಗೆ ಬೇಕಾದ ಒಂದು ಸಲಕರಣೆಯ ಬೆನ್ನಿಗೆ ಅದಕ್ಕೆ ಬೇಕಾದ ಹತ್ತು, ಅವಕ್ಕೆ ಬೇಕಾದ ಇನ್ನಷ್ಟು, ಹೆಸರುಗಳು ಸರಸರನೆ ಇಳಿಯತೊಡಗಿದವು. ಇಡೀ ಬಳಗವೇ ಟೆಂಪೋದಿಂದ ಇಳಿದಂತಿತ್ತು. ನಾಲ್ಕು ಪ್ರಬಂಧಕ್ಕೆ ಇಷ್ಟು ಮಂದಿಯೇ ಎಂದು ನನಗೇ ನಾಚಿಕೆಯಾಯಿತು. ಒಂದು ಮಧ್ಯಾಹ್ನ ಪೂರ್ತಿ ತಾಣ ತೆರೆದುಕೊಳ್ಳಲಿಲ್ಲ. ನಾನು ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತಿದ್ದ ವಿಮಲಾ ತೆರೆಯತ್ತ ಒಮ್ಮೆ ನೋಡಿ, "ಇಲ್ಲಿ ಕಂಸ ಎರಡ ತೆರದೀರಿ, ಒಂದs ಮುಚ್ಚೀರಿ" ಅಂದಳು. ಮುಚ್ಚಿದೆ. ತಾಣ ತೆರೆಯಿತು. ಅಂದಿನಿಂದ ನಾನು ಅವಳ ಎದುರು ‘ಕೋಡಿಂಗ್’ ಎಂಬ ಮಾತನ್ನು ಸಣ್ಣ ದನಿಯಲ್ಲಿ ಆಡುತ್ತೇನೆ.

ತೆರೆದ ತಾಣದಲ್ಲಿ ನನ್ನ ಕನ್ನಡ ಅಕ್ಷರಗಳನ್ನು ನೋಡುತ್ತ ಎಷ್ಟೋ ಹೊತ್ತು ಕೂತೆ. ಅವು ಮುದ್ದಾಗಿದ್ದವು. ಆ ಲಿಪಿಯನ್ನೂ ಯಾರೋ ಬಿಡಿಸಿ, ಬೇಕಾದವರು ಬಳಸಿ ಎಂದು ಬಿಟ್ಟಿದ್ದರು. ನನಗೆ ಈ ಅಕ್ಷರಗಳನ್ನು ಮೊದಲ ಸಲ ಹೀಗೆ ಪುಕ್ಕಟೆ ಕೊಟ್ಟವಳು ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೆಸರು ಪಾರ್ವತಿ. ಊರಿನ ಶಾಲೆಯಲ್ಲಿ ಕನ್ನಡ ಕಲಿತು ಮುಂಬಯಿಗೆ ಬಂದವಳು. ನಾನು ಹುಟ್ಟಿದ್ದೇ ಕುರ್ಲಾದಲ್ಲಿ, ಚಾಳಿನ ಹಿಂದಿನ ಮರಾಠಿ ಶಾಲೆಗೆ ಹಾಕಿದರು. "ಇಂವ ಮುಂದ ನಮಗ ಪತ್ರಾ ಬರಿಯೂದ ಮರಾಠಿಯೊಳಗೇನು?" ಎಂದು ಅಕ್ಕ ತಾನೇ ಪಾಠ ಶುರುಮಾಡಿದಳು. ಪಾಟಿ ಇರಲಿಲ್ಲವೆಂದಲ್ಲ, ಅವಳಿಗೆ ಪುರಸೊತ್ತು ಇರಲಿಲ್ಲ. ಸಂಜೆ ರೊಟ್ಟಿ ಮಾಡಲು ಪರಾತದಲ್ಲಿ ಜೋಳದ ಹಿಟ್ಟು ಹರವಿ, ಒಲೆಯ ಮೇಲೆ ನೀರು ಕುದಿಯಲು ಇಟ್ಟಾಗ, ನೀರು ಕುದಿಯುವ ತನಕ ನನ್ನ ಪಾಠ. ಹಿಟ್ಟಿನ ಮೇಲೆ ಬೆರಳಿನಿಂದ ಬರೆಯಬೇಕು. ತಪ್ಪಿದರೆ ಅವಳು ಅಂಗೈಯಿಂದ ಸವರಿ, "ಇನ್ನೊಮ್ಮೆ" ಅನ್ನುತ್ತಿದ್ದಳು. ನೀರು ಕುದಿಯಿತೆಂದರೆ ಪಾಠದ ಮೇಲೆಯೇ ಸುರಿದು ನಾದಿಬಿಡುತ್ತಿದ್ದಳು. ನನ್ನ ಆ ಕಾಲದ ತಪ್ಪುಗಳನ್ನೆಲ್ಲ ನಾವು ಮನೆಮಂದಿ ಪುಂಡಿಪಲ್ಲೆಯ ಜೊತೆ ತಿಂದು ಮುಗಿಸಿದ್ದೇವೆ.

ನಾನು ಬಹಳ ದಿನ ಎಡವಿದ್ದು ಅರ್ಕಾವತ್ತಿನಲ್ಲಿ. ಮರಾಠಿಯಲ್ಲಿ ರಫಾರ ಎಂದು ಒಂದು ಕೊಕ್ಕೆ ಇದೆ. ‘ರ್’ ಬಂದರೆ ಅದು ಮುಂದಿನ ಅಕ್ಷರದ ತಲೆಯ ಮೇಲೆ ಹೋಗಿ ಕೂಡುತ್ತದೆ. ನಾನು ಶಾಲೆಯಲ್ಲಿ ಕಲಿತ ಆ ಕೊಕ್ಕೆಯನ್ನು ಮನೆಗೆ ತಂದು, ಅಕ್ಕನ ಹೆಸರು ಬರೆಯುವಾಗ, ಕನ್ನಡದ ‘ವ’ದ ನೆತ್ತಿಯ ಮೇಲೆ ಕೂರಿಸಿದೆ.

"ಇದೇನೋ ಶಂಕ್ರ್ಯಾ, ನನ್ನ ಹೆಸರಿಗೆ ಟೊಪಗಿ ಹಾಕೀದಿ!" ಅಂದಳು ಅಕ್ಕ. "ನಮ್ಮ ಅರ್ಕಾವತ್ತು ತಲಿಮ್ಯಾಲ ಕೂಡೂದಿಲ್ಲೋ, ಹಿಂದ ನಿಂದರ್ತೈತಿ. ಬಾಯಾಗ ಮೊದಲ ಬರ್ತೈತಿ, ಬರಿಯುವಾಗ ಆಮ್ಯಾಲ ಬರ್ತೈತಿ."

"ಯಾಕ?"

"ಯಾಕಂದ್ರ? ಅದರ ಗುಣಾನ ಹಂಗ. ಮುಂದಿನವ್ರನ್ನ ಮುಂದ ಕಳಿಸಿ ತಾ ಹಿಂದ ಉಳೀತೈತಿ."

ಅಕ್ಕನ ಗುಣವೂ ಹೆಚ್ಚುಕಡಿಮೆ ಅದೇ. ಅಪ್ಪ ಕಾಯಿಲೆ ಬಿದ್ದಾಗ ಮನೆ ನಡೆಸಿದವಳು ಅವಳು, ನನ್ನ ಶಾಲೆ ಮುಗಿಯುವ ತನಕ ತನ್ನ ಲಗ್ನದ ಮಾತು ಎತ್ತಗೊಡದವಳೂ ಅವಳೇ. ಯಾವ ಫೋಟೋದಲ್ಲಿ ನೋಡಿದರೂ ಹಿಂದಿನ ಸಾಲಿನಲ್ಲಿ ಯಾರದೋ ಭುಜದ ಆಚೆ ಅರ್ಧ ಮುಖ ಕಾಣುತ್ತದೆ. ಅವಳು ತನಗೆಂದು ಜೀವಮಾನದಲ್ಲಿ ಬೇಡಿದ್ದು ಒಂದೇ ಸಲ. ಎರಡು ವರ್ಷದ ಹಿಂದೆ ನನ್ನ ಮಗಳು ಸ್ಮಿತಾಳ ಲಗ್ನ ಗೊತ್ತಾದಾಗ, "ಪತ್ರಿಕಾದಾಗ ಸೋದರತ್ತಿ ಅಂತ ನನ್ನ ಹೆಸರ ಚೆಂದಾಗಿ ಹಾಕಸಪಾ" ಎಂದಿದ್ದಳು. ಆ ಹೆಸರನ್ನೇ ನಾನು ಕೆಡಿಸಿದೆ.

ಪತ್ರಿಕೆ ಅಚ್ಚಾದದ್ದು ಪರೇಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ನಾನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಅವರು ತಮ್ಮಲ್ಲಿದ್ದ ಯಾವುದೋ ಹಳೆಯ ಫಾಂಟಿಗೆ ಇಳಿಸಿಕೊಂಡರು. ಇಳಿಸುವ ಗದ್ದಲದಲ್ಲಿ ಅಕ್ಕನ ಅರ್ಕಾವತ್ತು ‘ವ’ದ ಹಿಂದಿನಿಂದ ಜಿಗಿದು ‘ತಿ’ಯ ಹಿಂದೆ ಹೋಗಿ ನಿಂತು, ಪಾರ್ವತಿ ಹೋಗಿ ‘ಪಾವರ್ತಿ’ ಆಯಿತು. ಪ್ರೆಸ್ಸಿನವರ ತಪ್ಪೇನೂ ಇಲ್ಲ, ಅವರು ನೋಡಿ ಹೇಳಿ ಎಂದು ನನಗೆ ಕಳಿಸಿದ್ದರು. ಅಪ್ಪನ ಮಗನಾದ ನಾನು ಬೀಗರ ಕಡೆಯ ಹೆಸರುಗಳನ್ನು ಮೂರು ಸಲ ಬೆರಳಿಟ್ಟು ಓದಿದೆ. ನಮ್ಮ ಕಡೆಯವರದು ಬಂದಾಗ, ನಮ್ಮವೇ ಅಲ್ಲವೇ ಎಂದು ಕಣ್ಣಾಡಿಸಿ, ‘ಓಕೆ’ ಎಂದು ಕಳಿಸಿಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಹೆಸರಿನ ತುದಿಯಲ್ಲಿ ಜೋತುಬಿದ್ದ ಆ ಅರ್ಕಾವತ್ತು ಕಣ್ಣಿಗೆ ಅಲ್ಪವಿರಾಮದಂತೆ ಕಾಣುತ್ತಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಮಂಟಪದಲ್ಲಿ ಪತ್ರಿಕೆ ಹಿಡಿದುಕೊಂಡು, ಮೈಕಿನಲ್ಲಿ ಗಟ್ಟಿಯಾಗಿ, "ವಧುವಿನ ಸೋದರತ್ತೆಯವರಾದ ಶ್ರೀಮತಿ ಪಾವತಿಬಾಯಿಯವರು ವೇದಿಕೆಗೆ ಬರಬೇಕು" ಎಂದು ಕರೆದರು. ಮುಂಬಯಿಯಲ್ಲಿ ಪಾವತಿ ಅಂದರೆ ರಸೀದಿ ಎಂದು ಕನ್ನಡದವರಿಗೂ ಗೊತ್ತು, ಮರಾಠಿಯವರಿಗೂ ಗೊತ್ತು. "ಯಾವ ಪಾವತಿ? ಹಾಲ್‌ದ್ದೋ, ಕೇಟರಿಂಗಿಂದೋ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಇಡೀ ಮಂಟಪ ನಕ್ಕಿತು. ನಾನೂ ನಕ್ಕುಬಿಟ್ಟೆ. ಅಕ್ಕ ಸೆರಗು ಸರಿಮಾಡಿಕೊಂಡು ವೇದಿಕೆಗೆ ಹೋಗಿ ಸ್ಮಿತಾಳಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದಳು, ಪಂಕ್ತಿಯಲ್ಲಿ ಕೂತು ಊಟ ಮಾಡಿದಳು, ಬೀಗರಿಗೆ ಕೈಮುಗಿದಳು, ಮನೆಗೆ ಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟಳೆಂದರೆ ಸಂಬಂಧ ಬಿಟ್ಟಳೆಂದಲ್ಲ. ಎಲ್ಲವೂ ವಿಮಲಾಳ ಮೂಲಕ ನಡೆಯುತ್ತಿತ್ತು. ಫೋನು ವಿಮಲಾಳಿಗೆ ಬರುತ್ತಿತ್ತು, ಅವಳು ಸ್ಪೀಕರ್ ಹಾಕುತ್ತಿದ್ದಳು, ನಾನು ಎದುರಿಗೆ ಕೂತಿರುತ್ತಿದ್ದೆ.

"ವಿಮಲಾ, ನಿನ್ನ ಗಂಡಗ ಹೇಳು, ಬಿಪಿ ಗುಳಿಗಿ ತಪ್ಪಸಬ್ಯಾಡಂತ."

"ಕೇಳಿಸ್ಕೊಂಡಾರ ಅಕ್ಕಾರ, ಇಲ್ಲೇ ಕುಂತಾರ."

"ನಾ ಅವಂಗ ಹೇಳಿಲ್ಲ, ನಿನಗ ಹೇಳೇನಿ. ನೀ ಹೇಳು."

ಆಗ ವಿಮಲಾ ನನ್ನತ್ತ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳುವಳು. ನಾನು ಕ್ಷಮೆ ಕೇಳಲಿಲ್ಲವೆಂದು ತಿಳಿಯಬೇಡಿ. ಅವಳ ಹೆಸರನ್ನು ಪೆನ್ನಿನಿಂದ ತಿದ್ದಿದ ಒಂದು ಪತ್ರಿಕೆಯನ್ನು ಹಿಡಿದುಕೊಂಡು ವಿಮಲಾಳ ಜೊತೆ ಕುರ್ಲಾದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ವಿಮಲಾಳ ಮುಖ ನೋಡಿ, "ಒಂದ ತಿದ್ದಿದ್ರ ಏನಾತು, ಹಂಚಿದ್ದೆಲ್ಲಾ ಮನಿ ಮನಿಗೆ ಹೋಗಿ ತಿದ್ದಿ ಬಾ ಅನ್ನು" ಅಂದಳು. ಬೀಗರ ಹೆಸರನ್ನು ಮೂರು ಸಲ ಓದಿದವನು ಅಕ್ಕನದನ್ನು ಒಂದು ಸಲವೂ ಓದಲಿಲ್ಲವೆಂಬುದೇ ಅವಳ ಹೊಟ್ಟೆಯಲ್ಲಿ ಕೂತಿತ್ತು. ಅದನ್ನು ಅವಳಿಗೆ ಹೇಳಿದವನೂ ನಾನೇ, ಲಗ್ನಕ್ಕೆ ಮುಂಚೆ ನನ್ನ ಎಚ್ಚರಿಕೆಯ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತ. ನನ್ನನ್ನು ಶಂಕ್ರ್ಯಾ ಎಂದು ಕರೆಯುವವರು ಈ ಜಗತ್ತಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅರವತ್ತು ದಾಟಿದ ಮೇಲೆ ಹಾಗೆ ಯಾರೂ ಕರೆಯದಿದ್ದರೆ ಅಳು ಬರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಹೀಗಾಗಿ ತಾಣ ತೆರೆದ ದಿನ ನಾನು ಪರೀಕ್ಷೆಗೆಂದು ಟೈಪ್ ಮಾಡಿದ ಮೊದಲ ಹೆಸರು ಅಕ್ಕನದು. ಅಳುಕುತ್ತಲೇ ಮಾಡಿದೆ. ‘ಪಾರ್ವತಿ’ ಎಂದು ತೆರೆಯ ಮೇಲೆ ಬಂತು. ಅರ್ಕಾವತ್ತು ‘ವ’ದ ಹಿಂದೆ, ತನ್ನ ಜಾಗದಲ್ಲಿ, ಸರಿಯಾಗಿ ನಿಂತಿತ್ತು. ಹತ್ತು ಸಲ ಮಾಡಿದೆ, ಹತ್ತು ಸಲವೂ ನಿಂತಿತು.

ಇದನ್ನು ಮಾಡುತ್ತಿರುವವರು ಯಾರು ಎಂದು ಹುಡುಕಿದೆ. ಸಣ್ಣ ಅಕ್ಷರ ಓದುವ ಚಟ ಎಲ್ಲಿ ಹೋಗುತ್ತದೆ? ಆ ಟೆಂಪೋದಿಂದ ಇಳಿದ ಬಳಗದಲ್ಲಿ ಒಂದು ಚಿಕ್ಕ ಸಲಕರಣೆ ಇತ್ತು. ನಾವು ಬಾಯಲ್ಲಿ ಹೇಳುವ ಕ್ರಮದಲ್ಲಿ ಕೊಟ್ಟ ಅಕ್ಷರಗಳನ್ನು ತೆಗೆದುಕೊಂಡು, ಕಣ್ಣಿಗೆ ಕಾಣಬೇಕಾದ ಕ್ರಮದಲ್ಲಿ ಜೋಡಿಸುವುದು ಅದರ ಕೆಲಸ. ಅದನ್ನು ನೋಡಿಕೊಳ್ಳುವವರು ಒಬ್ಬರೇ ಒಬ್ಬರು, ಎಲ್ಲೋ ಹಿಮ ಬೀಳುವ ದೇಶದವರು. ಬೇರೆ ಕೆಲಸವಿದೆ, ಇದು ಬಿಡುವಿನಲ್ಲಿ ಮಾಡುವುದು. ಅವರಿಗೆ ಕನ್ನಡ ಬಾರದು. ಆದರೂ ಸಲಕರಣೆಯ ಒಳಗೆ ಕನ್ನಡದ ಬಗ್ಗೆ ಒಂದು ಟಿಪ್ಪಣಿ ಬರೆದಿಟ್ಟಿದ್ದರು: ‘ಎಚ್ಚರ! ಈ ಚಿಹ್ನೆ ಉಚ್ಚಾರದಲ್ಲಿ ಮೊದಲು, ಬರವಣಿಗೆಯಲ್ಲಿ ಆಮೇಲೆ.’ ಜೋಳದ ಹಿಟ್ಟಿನ ಪರಾತದ ಮುಂದೆ ಅಕ್ಕ ಹೇಳಿದ ಮಾತನ್ನು ಇಂಗ್ಲಿಷಿನಲ್ಲಿ ಓದಿ ನನಗೆ ಮೈ ಜುಂ ಎಂದಿತು.

ಕೂಡಲೆ ತಾಣದಲ್ಲಿ ಒಂದು ಕೃತಜ್ಞತೆಯ ಪುಟ ಮಾಡಲು ಕೂತೆ. ನನಗೆ ಬರುವ ಪದ್ಧತಿ ಒಂದೇ, ಲಗ್ನಪತ್ರಿಕೆಯದು. ಮೇಲೆ ಹಿರಿಯರು, ಅಂದರೆ ಕಂಪ್ಯೂಟರನ್ನೇ ನಡೆಸುವ ದೊಡ್ಡ ತಂತ್ರಾಂಶ. ಅದರ ಕೆಳಗೆ ಲಿಪಿ ಬಿಡಿಸಿದವರು, ಪುಟ ಕಟ್ಟಿಕೊಟ್ಟವರು, ಅಕ್ಷರ ಜೋಡಿಸಿದವರು, ಕೊನೆಗೆ ಪುಟದ ಮೂಲೆಯ ಸಣ್ಣ ಬಾಣದ ಗುರುತು ಬರೆದವರು. ಒಂದು ಹೆಸರೂ ತಪ್ಪಬಾರದೆಂದು ಕನ್ನಡಕ ಒರೆಸಿ ಒರೆಸಿ ನಾಲ್ಕು ಸಲ ತಾಳೆ ನೋಡಿದೆ. ವಿಮಲಾ ಹಿಂದೆ ಬಂದು ನಿಂತು ಓದಿದಳು.

"ಗುರ್ತಿಲ್ಲ ಪರಿಚಯಿಲ್ಲ, ಬಾಣದ ಗುರ್ತ ತಗದಾಂವನ ಹೆಸರ ನಾಕ ಸಲ ನೋಡಾಕತ್ತೀರಿ" ಅಂದಳು. "ಅಕ್ಕಾರ ಹೆಸರ ಒಮ್ಮೆ ನೋಡಿದ್ರ ಏನ ಗಂಟ ಹೋಗ್ತಿತ್ತು?"

ಆಮೇಲೆ ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದೆ: ‘ಕನ್ನಡ ಅಕ್ಷರಗಳು: ನನ್ನ ಅಕ್ಕ ಪಾರ್ವತಿ, ಕುರ್ಲಾ.’

ಪುಟ ಮಾಡಿದರೆ ಸಾಕೆ, ಆ ಹಿಮದ ದೇಶದವರಿಗೆ ಗೊತ್ತಾಗಬೇಕಲ್ಲ? ಅವರ ವಿಳಾಸ ಎಲ್ಲೂ ಇರಲಿಲ್ಲ. ಇದ್ದದ್ದು ದೋಷ ತಿಳಿಸುವ ಒಂದೇ ಕಿಟಕಿ. ನಾನು ಬದುಕಿನಲ್ಲಿ ಎಷ್ಟೋ ದೂರು ಅರ್ಜಿ ತುಂಬಿದ್ದೇನೆ, ನೀರಿಗೆ, ಲಿಫ್ಟಿಗೆ, ಮೇಲಿನ ಮನೆಯ ಸೋರಿಕೆಗೆ. ಧನ್ಯವಾದಕ್ಕೆ ಅರ್ಜಿ ತುಂಬಿದ್ದು ಇದೇ ಮೊದಲು. ಅದು ಕೇಳಿದ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದೆ. ನೀವು ಏನು ಮಾಡಿದಿರಿ? ‘ಅಕ್ಕನ ಹೆಸರು ಬರೆದೆ.’ ಏನಾಗುತ್ತದೆಂದು ನಿರೀಕ್ಷಿಸಿದ್ದಿರಿ? ‘ತಪ್ಪು ಬರುತ್ತದೆಂದು.’ ನಿಜವಾಗಿ ಏನಾಯಿತು? ‘ಸರಿಯಾಗಿ ಬಂತು.’ ಇದು ಒಮ್ಮೆ ಮಾತ್ರ ಆಯಿತೋ, ಪದೇ ಪದೇ ಆಗುತ್ತದೆಯೋ? ‘ಪ್ರತಿ ಸಲವೂ ಆಗುತ್ತಿದೆ. ತಮಗೆ ಅನಂತ ಧನ್ಯವಾದಗಳು.’ ಎಷ್ಟು ತುರ್ತು ಎಂಬಲ್ಲಿ ‘ಅತಿ ತುರ್ತು’ ಎಂದು ಗುರುತು ಹಾಕಿದೆ.

ಮೊದಲು ಒಂದು ಯಂತ್ರದ ಉತ್ತರ ಬಂತು: ತಮ್ಮ ತೊಂದರೆಗೆ ವಿಷಾದಿಸುತ್ತೇವೆ, ಪರಿಶೀಲಿಸಲಾಗುವುದು. ಆಮೇಲೆ ಎಲ್ಲರಿಗೂ ಕಾಣುವ ಆ ಕಿಟಕಿಗೆ ಯಾವುದೋ ದೇಶದ ಅಪರಿಚಿತರು ಬಂದು, ‘ನನ್ನಲ್ಲೂ ಹೀಗೆಯೇ ಆಗುತ್ತಿದೆ, ಎಲ್ಲ ಸರಿಯಾಗಿದೆ’ ಎಂದು ಒಬ್ಬರ ಹಿಂದೊಬ್ಬರು ಬರೆದರು. ಮೂರನೆಯ ದಿನ ಆ ಹಿಮದ ದೇಶದವರೇ ಬಂದರು. ‘ಇದು ದೋಷವಲ್ಲವಾದ್ದರಿಂದ ನಿಯಮದ ಪ್ರಕಾರ ಮುಚ್ಚಬೇಕು. ಆದರೆ ನನಗೆ ಇಂಥದು ಹಿಂದೆಂದೂ ಬಂದಿಲ್ಲ. ಸ್ವಲ್ಪ ದಿನ ತೆರೆದೇ ಇಡುತ್ತೇನೆ’ ಎಂದು ಬರೆದಿದ್ದರು. ಕೆಳಗೆ, ‘ನಿಮ್ಮ ಅಕ್ಕನ ಹೆಸರು ಯಾವುದು?’ ಎಂದು ಕೇಳಿದ್ದರು.

ನಾನು ಇಡೀ ಲಗ್ನಪತ್ರಿಕೆಯ ಪುರಾಣವನ್ನು ಬರೆದು ಕಳಿಸಿದೆ, ನಾನು ನಕ್ಕದ್ದನ್ನೂ ಮುಚ್ಚಿಡಲಿಲ್ಲ. ಮರುದಿನ ಎರಡೇ ಸಾಲಿನ ಉತ್ತರ. ಅವರ ಹತ್ತಿರ ಒಂದು ಪಟ್ಟಿ ಇದೆಯಂತೆ. ಸಲಕರಣೆಯಲ್ಲಿ ಏನೇ ಬದಲಾವಣೆ ಮಾಡಿದರೂ ಆ ಪಟ್ಟಿಯ ಮಾತುಗಳು ಸರಿಯಾಗಿ ಬರುತ್ತವೆಯೇ ಎಂದು ಮೊದಲು ನೋಡುತ್ತಾರಂತೆ, ಒಂದು ತಪ್ಪಿದರೂ ಹೊರಗೆ ಬಿಡುವುದಿಲ್ಲವಂತೆ. ಆ ಪಟ್ಟಿಯಲ್ಲಿ ಕನ್ನಡಕ್ಕೆಂದು ಮೊದಲನೆಯ ಮಾತಾಗಿ ‘ಪಾರ್ವತಿ’ ಎಂದು ಸೇರಿಸಿದ್ದೇನೆ ಎಂದಿದ್ದರು.

ಮುಂದಿನ ರವಿವಾರ ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ಮೆಗಾಬ್ಲಾಕ್ ಇದ್ದರೂ ಲೆಕ್ಕಿಸದೆ ವಿಮಲಾಳನ್ನು ಕರೆದುಕೊಂಡು ಕುರ್ಲಾದ ಲೋಕಲ್ ಹತ್ತಿದೆ. ನಮ್ಮ ಚಾಳು ಈಗ ಇಲ್ಲ, ಆ ಜಾಗದಲ್ಲಿ ಎದ್ದ ಬಿಲ್ಡಿಂಗಿನ ಆರನೆಯ ಮಾಳಿಗೆಯಲ್ಲಿ ಅಕ್ಕ ಮಗನ ಸಂಸಾರದ ಜೊತೆ ಇದ್ದಾಳೆ. ಮಗ, ಸೊಸೆ ಹೊರಗೆ ಹೋಗಿದ್ದರು. ಅಕ್ಕ ಬಾಗಿಲು ತೆರೆದು, "ಬಾ ವಿಮಲಾ. ನಿನ್ನ ಗಂಡಗ ಫ್ಯಾನಿನ ಕೆಳಗ ಕೂಡ ಅನ್ನು" ಅಂದಳು.

ನಾನು ಫೋನಿನಲ್ಲಿ ಪುಟ ತೆರೆದು ವಿಮಲಾಳ ಕೈಗೆ ಕೊಟ್ಟೆ, ವಿಮಲಾ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಬೆರಳು ಮಾತ್ರ ‘ವ’ದ ಹಿಂದೆ ಹೋಗಿ ಅರ್ಕಾವತ್ತನ್ನು ಮುಟ್ಟಿತು. ಮುಟ್ಟಿದ ಕೂಡಲೆ ಪುಟ ಹಾರಿಹೋಯಿತು. "ಅಯ್ಯ, ಮತ್ತ ಹೋತು ನೋಡು" ಅಂದಳು. ವಿಮಲಾ ಮರಳಿ ತಂದುಕೊಟ್ಟಳು. ನಾನು ಪಟ್ಟಿಯ ವಿಷಯವನ್ನು ವಿಮಲಾಳಿಗೆ ಹೇಳಿದೆ, ವಿಮಲಾ ಅಕ್ಕನಿಗೆ ಹೇಳಿದಳು.

"ಅಂದ್ರ?"

"ಅಂದ್ರ, ಅಂವ ಏನ ಬದಲ ಮಾಡಿದ್ರೂ ಮೊದಲ ನಿಮ್ಮ ಹೆಸರ ನೆಟ್ಟಗ ಬರ್ತೈತೇನಂತ ನೋಡ್ತಾನಂತ್ರಿ ಅಕ್ಕಾರ. ಬರಲಿಲ್ಲಂದ್ರ ಮುಂದಿನ ಕೆಲಸಾನ ಇಲ್ಲಂತ."

"ಅವಂಗ ಕನ್ನಡ ಬರ್ತೈತೇನು?"

"ಇಲ್ರಿ."

ಅಕ್ಕ ಮತ್ತೊಮ್ಮೆ ಮೊದಲ ಸಾಲು ನೋಡಿದಳು. "ಕನ್ನಡ ಬರಲಾರದವ ನೋಡ್ತಾನ" ಅಂದಳು. ನಾನು ಫ್ಯಾನಿನ ಕೆಳಗೆ ಕೂತಿದ್ದರೂ ಬೆವತೆ. ಅವಳು ಪುಟವನ್ನು ಕೆಳಗಿನ ತನಕ ಓದಿ, ಒಂದು ಹೆಸರಿನ ಹತ್ತಿರ ನಿಂತಳು. ಅದು ಆ ಹಿಮದ ದೇಶದವರದೇ ಹೆಸರು. ಅದನ್ನು ನಾನು ಇಲ್ಲಿ ಬರೆದಿಲ್ಲ, ಕಾರಣ ಈಗ ತಿಳಿಯುತ್ತದೆ.

"ವಿಮಲಾ, ಈ ಮನಷ್ಯಾನ ಹೆಸರ ನಾಲಿಗಿ ಮ್ಯಾಲ ಹೊರಳವಲ್ದು. ಖರೇನ ಹಿಂಗ ಅಂತಾರೇನು, ಕೇಳು."

ವಿಮಲಾ ನನ್ನನ್ನು ನೋಡಿದಳು. ಅವರ ಹೆಸರಿನಲ್ಲಿ ಎರಡು ಕಡೆ ಇಂಗ್ಲಿಷಿನ ಜೆ ಇದೆ. ಅದಕ್ಕೆ ಜ ಅನ್ನಬೇಕೋ ಯ ಅನ್ನಬೇಕೋ ನನಗೆ ತಿಳಿದಿರಲಿಲ್ಲ. ಒಂದು ಕಡೆ ಜ, ಒಂದು ಕಡೆ ಯ ಹಾಕಿದ್ದೆ.

"ಅಂದಾಜಿಲೆ ಬರದೀನಿ" ಅಂದೆ.

ಅಕ್ಕ ಫೋನು ಕೆಳಗಿಟ್ಟಳು. ಕನ್ನಡಕ ತೆಗೆದಳು. ವಿಮಲಾಳನ್ನು ದಾಟಿ, ಎರಡು ವರ್ಷದಲ್ಲಿ ಮೊದಲ ಸಲ, ನೇರ ನನ್ನತ್ತ ತಿರುಗಿದಳು.

"ಅಂದಾಜಿಲೆ? ಶಂಕ್ರ್ಯಾ, ಇನ್ನೂ ಬುದ್ಧಿ ಬರಲಿಲ್ಲೇನೋ ನಿನಗ? ಮಂದಿ ಹೆಸರ ಅಂದಾಜಿಲೆ ಬರೀತಾರೇನೋ? ಅಷ್ಟ ದೂರದಾಂವ ನನ್ನ ಹೆಸರ ನನಗ ಸರಿ ಕೊಟ್ಟಾನ. ಅವನ ಹೆಸರ ಕೆಡಿಸಿ ನೀ ಊರಿಗೆಲ್ಲಾ ತೋರಸ್ತೀಯಾ? ಕೇಳು ಅವನ್ನ. ನಿಮ್ಮವ್ವ ನಿನ್ನ ಹ್ಯಾಂಗ ಕರೀತಾಳ ಅಂತ ಕೇಳು. ಹಂಗ ಬರಿ. ಈಗಿಂದೀಗ ಕೇಳು."

ನನಗೆ ಕಣ್ಣು ಮಂಜಾಗಿ ಫೋನಿನ ಅಕ್ಷರಗಳು ಕಾಣಲಿಲ್ಲ. ವಿಮಲಾಳೇ ಟೈಪ್ ಮಾಡಿದಳು. ಅದೇ ದೋಷದ ಕಿಟಕಿಯಲ್ಲಿ, ‘ನಿಮ್ಮ ತಾಯಿ ನಿಮ್ಮನ್ನು ಹೇಗೆ ಕರೆಯುತ್ತಾರೆ? ನಮ್ಮ ಅಕ್ಕ ಕೇಳುತ್ತಿದ್ದಾಳೆ’ ಎಂದು. ಅಕ್ಕ ಎದ್ದು ಒಳಗೆ ಹೋಗಿ ಚಹಾಕ್ಕಿಟ್ಟು, ಅಲ್ಲಿಂದಲೇ, "ಸಕ್ರಿ ಹಾಕ್ಲೇನೋ, ಬಿಟ್ಟೀಯೋ?" ಎಂದು ನನ್ನನ್ನೇ ಕೇಳಿದಳು.

ಇದಾಗಿ ಹನ್ನೊಂದು ದಿನವಾಯಿತು. ಹಿಮದ ದೇಶದಿಂದ ಉತ್ತರ ಬಂದಿಲ್ಲ. ದಿನಾ ಮುಂಜಾನೆ ಚಹಾದ ಹೊತ್ತಿಗೆ ಕುರ್ಲಾದಿಂದ ಫೋನು ಬರುತ್ತದೆ, ವಿಮಲಾಳಿಗಲ್ಲ, ನನಗೆ. "ಶಂಕ್ರ್ಯಾ, ಬಂತೇನೋ?" ಇಲ್ಲ ಅನ್ನುತ್ತೇನೆ. "ಎಷ್ಟ ಕೆಲಸ ಇರ್ತಾವೋ ಏನೋ ಪಾಪ, ಹಂಗಾರ ನಾಳೆ ನೋಡೂಣು" ಎಂದು, ನಂತರ ಅರ್ಧ ಗಂಟೆ ಊರ ಸುದ್ದಿ ಹೇಳುತ್ತಾಳೆ. ಉತ್ತರ ಬಂದರೂ ಒಂದೆರಡು ದಿನ ಅವಳಿಗೆ ತಿಳಿಸದೆ ಇಟ್ಟುಕೊಳ್ಳೋಣ ಎಂದು ಮಾಡಿದ್ದೇನೆ.